ನಗರ ನಡೆಯುವುದು ಹೇಗೆ? ನೀರು, ಚರಂಡಿ, ರಸ್ತೆ, ಬಸ್ಸು, ವಿದ್ಯುತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ನಗರದಲ್ಲಿ ತೊಂದರೆ ಕಣ್ಣಿಗೆ ಬೀಳುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಕೊಳಚೆ ನಿಮ್ಮ ಬಾಗಿಲ ಮುಂದೆ ಉಕ್ಕಿದರೆ ಪೈಪು ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಇನ್ನೂ ತಗ್ಗಿನಲ್ಲಿ. ಬೀದಿಯ ಕೊನೆಯ ಮನೆಗೆ ನೀರು ಹತ್ತದಿದ್ದರೆ ಕಾರಣ ಬೀದಿಯ ಮೊದಲಲ್ಲೇ ಇದ್ದೀತು. ಮೂರು ಬಸ್ಸು ಒಟ್ಟಿಗೆ ಬಂದರೆ ಎಡವಟ್ಟಾದದ್ದು ಹತ್ತು ನಿಲ್ದಾಣ ಹಿಂದೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಏನಾಯಿತು ಎನ್ನುವುದಕ್ಕಿಂತ ಎಲ್ಲಿಂದ ಆಯಿತು ಎನ್ನುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಲ್ಲಿ ತಿರುಗಿಸಿದ ಕೂಡಲೇ ನೀರು ಬರುವುದು ಹೇಗೆ?

ಎತ್ತರದ ಬಲದಿಂದ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಅದಕ್ಕೇ ಟ್ಯಾಂಕನ್ನು ಕಂಬಗಳ ಮೇಲೋ ಗುಡ್ಡದ ಮೇಲೋ ಕಟ್ಟುತ್ತಾರೆ. ಟ್ಯಾಂಕು ದೊಡ್ಡದಾದ ಮಾತ್ರಕ್ಕೆ ಒತ್ತಡ ಹೆಚ್ಚುವುದಿಲ್ಲ. ದೊಡ್ಡ ಟ್ಯಾಂಕು ಬೇಕಾಗುವುದು ಬೇರೆ ಕೆಲಸಕ್ಕೆ: ಶುದ್ಧೀಕರಣ ಘಟಕ ಮತ್ತು ಪಂಪುಗಳು ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮನೆ ಓಡಿದರೆ ಬಾಳಿಕೆ ಬರುತ್ತವೆ, ಆದರೆ ಜನ ನೀರು ಬಳಸುವುದು ಬೆಳಗಿನ ಎರಡು ಮೂರು ಗಂಟೆಗಳಲ್ಲೇ ಹೆಚ್ಚು. ರಾತ್ರಿ ತುಂಬಿಕೊಂಡು ಬೆಳಗ್ಗೆ ಇಳಿಯುವ ಟ್ಯಾಂಕು ಈ ಏರುಪೇರನ್ನು ತಾನು ಹೊತ್ತುಕೊಳ್ಳುತ್ತದೆ.

ದಾರಿಯಲ್ಲಿ ಒತ್ತಡ ಸವೆಯುತ್ತದೆ. ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ಕಳಿಸಿದರೆ ಘರ್ಷಣೆಯಿಂದಾಗುವ ನಷ್ಟ ಸುಮಾರು 30 ಪಟ್ಟಾಗುತ್ತದೆ. ಹಳೆಯ ಕಬ್ಬಿಣದ ಪೈಪಿನೊಳಗೆ ತುಕ್ಕಿನ ಗಂಟು ಬೆಳೆದಾಗ ಆಗುವುದೂ ಇದೇ. ಟ್ಯಾಂಕು ತುಂಬಿದ್ದರೂ ಕೊನೆಯ ಮನೆಗೆ ನೀರು ಹತ್ತುವುದಿಲ್ಲ.

ದಿನಕ್ಕೆ ಎರಡು ಮೂರು ಗಂಟೆ ಮಾತ್ರ ನೀರು ಬಿಟ್ಟರೆ ಉಳಿತಾಯವಲ್ಲವೇ?

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ, ನಿಜದಲ್ಲಿ ಹಾನಿಯೇ ಹೆಚ್ಚು. ಪೈಪು ತುಂಬಿ ಒತ್ತಡದಲ್ಲಿರುವಷ್ಟು ಹೊತ್ತು ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ಪೂರೈಕೆ ನಿಲ್ಲಿಸಿದೊಡನೆ ನೀರು ತಗ್ಗಿನ ಕಡೆ ಇಳಿದು ಮೇಲಿನ ಭಾಗದಲ್ಲಿ ನಿರ್ವಾತ ಉಂಟಾಗುತ್ತದೆ, ಅದೇ ಬಿರುಕಿನಿಂದ ಸುತ್ತಲ ಮಣ್ಣಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಶುದ್ಧೀಕರಣ ಘಟಕದಿಂದ ಶುದ್ಧವಾಗಿಯೇ ಹೊರಟ ನೀರು ನಲ್ಲಿಗೆ ಬರುವಾಗ ಕೆಡುವುದಕ್ಕೆ ಇದು ಮುಖ್ಯ ಕಾರಣ. ಮೊದಲ ಕೆಲವು ನಿಮಿಷದ ನೀರು ಕಂದು ಬಣ್ಣಕ್ಕಿರುವುದೂ ಇದರಿಂದಲೇ.

ತೊಂದರೆ ಇಲ್ಲಿಗೇ ನಿಲ್ಲುವುದಿಲ್ಲ. ಮತ್ತೆ ನೀರು ಬಿಟ್ಟಾಗ ಮುಂದೆ ಓಡುವ ಗಾಳಿಗೆ ಮೀಟರು ತಿರುಗುತ್ತದೆ, ನೀರಿನ ಬಡಿತಕ್ಕೆ ಜೋಡಣೆಗಳು ಸಡಿಲಗೊಳ್ಳುತ್ತವೆ. ಇಡೀ ದಿನದ ಬೇಡಿಕೆ ಎರಡು ಗಂಟೆಗೆ ಇಕ್ಕಟ್ಟಾಗುವುದರಿಂದ ಹರಿವು ಹಲವು ಪಟ್ಟು ಏರಿ ಒತ್ತಡ ಕುಸಿಯುತ್ತದೆ. ಆಗ ಮೊದಲ ಮನೆಗಳವರು ಪೈಪಿಗೇ ಮೋಟಾರು ಜೋಡಿಸುತ್ತಾರೆ, ಕೊನೆಯವರಿಗೆ ಏನೂ ಉಳಿಯುವುದಿಲ್ಲ. ನಾಳೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಹಿಡಿದಿಟ್ಟ ನೀರನ್ನು ಹೊಸ ನೀರು ಬಂದಾಗ ಚೆಲ್ಲುವುದೂ ಉಂಟು.

ಇದನ್ನು ತಿರುಗಿಸಬಹುದು ಎನ್ನುವುದಕ್ಕೆ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಸಾಕ್ಷಿ. ಎಕ್ ಸೊನ್ ಚಾನ್ ಅಲ್ಲಿನ ನೀರು ಸರಬರಾಜು ಸಂಸ್ಥೆಯ ಮುಖ್ಯಸ್ಥರಾದ 1993ರಲ್ಲಿ ಊರಿಗೆ ಬಿಟ್ಟ ನೀರಿನ ಶೇ 72ರಷ್ಟಕ್ಕೆ ಲೆಕ್ಕವೇ ಇರಲಿಲ್ಲ, ಪೂರೈಕೆ ಇದ್ದದ್ದು ದಿನಕ್ಕೆ ಸುಮಾರು 10 ಗಂಟೆ. ಪ್ರತಿ ಸಂಪರ್ಕಕ್ಕೂ ಮೀಟರು, ಪ್ರಭಾವಿಗಳಿಗೂ ವಿನಾಯಿತಿಯಿಲ್ಲದ ಬಿಲ್ಲು, ಅಕ್ರಮ ಸಂಪರ್ಕಗಳ ಕಡಿತ, ಹಳೆ ಪೈಪುಗಳ ಬದಲಾವಣೆ, ಸೋರಿಕೆಗೆ ಹಗಲಿರುಳು ಓಡುವ ತಂಡ. ಹದಿನೈದೇ ವರ್ಷದಲ್ಲಿ ನಷ್ಟ ಶೇ 6ರ ಆಸುಪಾಸಿಗೆ ಇಳಿಯಿತು, ಇಪ್ಪತ್ತನಾಲ್ಕು ಗಂಟೆಯೂ ನೀರು ಬಂತು. ಅವರಿಗೆ 2006ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ನಗರಗಳ ವಿಷಯದಲ್ಲಿ ಭರವಸೆ ಕಳೆದುಕೊಂಡವರು ಮೊದಲು ಓದಬೇಕಾದ ಕಥೆ ಇದು ಎಂಬುದು ನಮ್ಮ ಅನಿಸಿಕೆ.

ನೆಲದಡಿಯ ಸೋರಿಕೆಯನ್ನು ಅಗೆಯದೆ ಪತ್ತೆ ಮಾಡುವುದು ಹೇಗೆ?

ಮೊದಲು ಪ್ರದೇಶವನ್ನು ಕೆಲವು ನೂರರಿಂದ ಒಂದೆರಡು ಸಾವಿರ ಮನೆಗಳ ಭಾಗಗಳಾಗಿ ವಾಲ್ವ್‌ಗಳಿಂದ ಬೇರ್ಪಡಿಸಿ, ಪ್ರತಿ ಭಾಗಕ್ಕೂ ನೀರು ಪ್ರವೇಶಿಸುವಲ್ಲಿ ಒಂದು ಮೀಟರು ಇಡಬೇಕು. ನಂತರ ರಾತ್ರಿ 2ರಿಂದ 4 ಗಂಟೆಯ ನಡುವಿನ ಹರಿವನ್ನು ನೋಡಬೇಕು. ಊರು ಮಲಗಿದ್ದಾಗಲೂ ಮೀಟರು ಜೋರಾಗಿ ಓಡುತ್ತಿದ್ದರೆ ಅದರಲ್ಲಿ ಹೆಚ್ಚಿನದು ಸೋರಿಕೆ. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಹೋದರೆ ಯಾವ ಬೀದಿ ಮುಚ್ಚಿದಾಗ ಹರಿವು ಧಡಕ್ಕನೆ ಇಳಿಯಿತೋ ಅದೇ ಬೀದಿ.

ಜಾಗ ಗುರುತಿಸುವುದು ಶಬ್ದದಿಂದ. ಬಿರುಕಿನಿಂದ ಚಿಮ್ಮುವ ನೀರಿನ ಸದ್ದು ಕಬ್ಬಿಣದ ಪೈಪಿನ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,200 ಮೀಟರ್ ವೇಗದಲ್ಲಿ ಎರಡೂ ಕಡೆ ಹೋಗುತ್ತದೆ. 100 ಮೀಟರ್ ಅಂತರದಲ್ಲಿ ಎರಡು ಸಂವೇದಕ ಇಟ್ಟಾಗ ಒಂದಕ್ಕೆ ಸದ್ದು 0.025 ಸೆಕೆಂಡು ಮೊದಲು ತಲುಪಿತು ಎನ್ನಿ. ಅಂದರೆ ದಾರಿಯ ವ್ಯತ್ಯಾಸ 30 ಮೀಟರ್. 100ರಿಂದ 30 ಕಳೆದು ಅರ್ಧ ಮಾಡಿದರೆ 35. ಹತ್ತಿರದ ಸಂವೇದಕದಿಂದ 35 ಮೀಟರ್ ದೂರದಲ್ಲಿ ಅಗೆಯಬೇಕು. ಪ್ಲಾಸ್ಟಿಕ್ ಪೈಪಿನಲ್ಲಿ ಶಬ್ದ ಬೇಗ ಸತ್ತುಹೋಗುವುದರಿಂದ ಸಂವೇದಕಗಳನ್ನು ಇನ್ನೂ ಹತ್ತಿರ ಇಡಬೇಕಾಗುತ್ತದೆ, ವೇಗವನ್ನೂ ಬೇರೆಯಾಗಿ ಹಿಡಿಯಬೇಕು. ತಪ್ಪು ಜಾಗದಲ್ಲಿ ಅಗೆಯುವುದಕ್ಕೆ ಸಾಮಾನ್ಯ ಕಾರಣ ಪೈಪು ಯಾವುದರದ್ದು ಎಂದು ನಕ್ಷೆಯಲ್ಲಿ ತಪ್ಪಾಗಿ ಬರೆದಿರುವುದು.

ಒಳಚರಂಡಿಗೆ ಇಳಿಜಾರು ಅಷ್ಟು ಮುಖ್ಯವೇ?

ಅದೇ ಸರ್ವಸ್ವ. ನೀರಿನ ಪೈಪಿಗೆ ಒತ್ತಡವಿದೆ, ಅದು ಏರನ್ನೂ ಹತ್ತುತ್ತದೆ. ಕೊಳಚೆ ಹೋಗುವುದು ತನ್ನ ಭಾರದಿಂದ. ದಿನಕ್ಕೆ ಒಮ್ಮೆಯಾದರೂ ಹರಿವಿನ ವೇಗ ಸೆಕೆಂಡಿಗೆ 0.6ರಿಂದ 0.75 ಮೀಟರ್ ಮುಟ್ಟದಿದ್ದರೆ ಮರಳು, ಮಲ ತಳದಲ್ಲಿ ಕೂರುತ್ತವೆ. 150 ಮಿಲಿಮೀಟರ್ ಪೈಪಿಗೆ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಡುವುದು ರೂಢಿ. ಪೈಪು ದೊಡ್ಡದಾದಷ್ಟೂ ಕಡಿಮೆ ಇಳಿಜಾರು ಸಾಕು. ಹಾಗೆಂದು ಸಣ್ಣ ಹರಿವಿಗೆ ದೊಡ್ಡ ಪೈಪು ಹಾಕಿದರೆ ನೀರು ತೆಳುವಾಗಿ ಹರಡಿ ವೇಗ ಕಳೆದುಕೊಳ್ಳುತ್ತದೆ. ಹಳೆಯ ಲಂಡನ್, ಪ್ಯಾರಿಸ್‌ಗಳಲ್ಲಿ ಚರಂಡಿಗಳನ್ನು ಮೊಟ್ಟೆಯಾಕಾರದಲ್ಲಿ, ಚೂಪು ತುದಿ ಕೆಳಗಾಗಿ ಕಟ್ಟಿದ್ದು ಇದಕ್ಕೇ. ನೀರು ಕಡಿಮೆಯಿದ್ದಾಗ ಕಿರಿದಾದ ತಳದಲ್ಲಿ ಆಳವಾಗಿ, ವೇಗವಾಗಿ ಹರಿಯುತ್ತದೆ.

ಇಳಿಜಾರಿಗಾಗಿ ಒಂದು ಊರು ತನ್ನನ್ನೇ ಎತ್ತಿಕೊಂಡದ್ದೂ ಇದೆ. ಮಿಷಿಗನ್ ಸರೋವರದ ದಡದ ಷಿಕಾಗೊ ಎಷ್ಟು ಚಪ್ಪಟೆಯಾಗಿತ್ತೆಂದರೆ ಚರಂಡಿ ಹೂಳಲು ಇಳಿಜಾರೇ ಸಿಗಲಿಲ್ಲ. 1855ರಲ್ಲಿ ಎಂಜಿನಿಯರ್ ಎಲಿಸ್ ಚೆಸ್‌ಬ್ರೊ ಅವರ ಯೋಜನೆ ಒಪ್ಪಿಕೊಂಡು ಚರಂಡಿಯನ್ನು ಬೀದಿಯ ಮೇಲೇ ಹಾಕಿ, ಅದರ ಮೇಲೆ ಮಣ್ಣು ತುಂಬಿ ಬೀದಿಯನ್ನು ಎತ್ತರಿಸಿದರು. ಮುಂದಿನ ವರ್ಷಗಳಲ್ಲಿ ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡಗಳ ಅಡಿಗೆ ನೂರಾರು ಸ್ಕ್ರೂ ಜ್ಯಾಕ್ ಇಟ್ಟು, ಎಲ್ಲವನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಕಟ್ಟಡಗಳನ್ನೂ ಮೇಲೆತ್ತಿದರು. ಆದರೂ ಕೊಳಚೆ ಸೇರುತ್ತಿದ್ದದ್ದು ಕುಡಿಯುವ ನೀರಿನ ಸರೋವರಕ್ಕೇ. ಕೊನೆಗೆ 1900ರಲ್ಲಿ ಕಾಲುವೆ ತೋಡಿ ನದಿಯ ದಿಕ್ಕನ್ನೇ ತಿರುಗಿಸಿದರು.

ಮ್ಯಾನ್‌ಹೋಲ್ ಉಕ್ಕುತ್ತಿದೆ. ಎಲ್ಲಿ ಕಟ್ಟಿದೆ ಎಂದು ತಿಳಿಯುವುದು ಹೇಗೆ?

ಉಕ್ಕುತ್ತಿರುವುದನ್ನು ಬಿಟ್ಟು ಒಳಚರಂಡಿಯ ತಂಡದವರು ಹರಿವಿನ ದಿಕ್ಕಿನಲ್ಲಿ ಮುಂದಿನ ಮುಚ್ಚಳ ತೆರೆಯಬೇಕು. ಅದೂ ತುಂಬಿದ್ದರೆ ಇನ್ನೂ ಮುಂದಕ್ಕೆ ಹೋಗಬೇಕು. ಮೊದಲ ಬಾರಿಗೆ ಖಾಲಿ ಸಿಕ್ಕಿದ ಗುಂಡಿ ಮತ್ತು ಅದರ ಹಿಂದಿನ ತುಂಬಿದ ಗುಂಡಿಯ ನಡುವೆ ಅಡಚಣೆ ಇದೆ. ಜೆಟ್ಟಿಂಗ್ ಯಂತ್ರದ (ರಭಸದಿಂದ ನೀರು ಚಿಮ್ಮಿಸುವ ಯಂತ್ರ) ಹೋಸನ್ನು ಖಾಲಿ ಗುಂಡಿಯಿಂದ ಮೇಲ್ಮುಖವಾಗಿ ಬಿಡಬೇಕು. ಮೂತಿಯ ಹಿಂದಿನ ರಂಧ್ರಗಳಿಂದ ಚಿಮ್ಮುವ ನೀರು ಹೋಸನ್ನು ಮುಂದೆ ತಳ್ಳುತ್ತದೆ, ಎಳೆಯುವಾಗ ಕೆಸರನ್ನು ಕೆಳಕ್ಕೆ ತರುತ್ತದೆ. ಆ ಕೆಸರನ್ನು ಅಲ್ಲೇ ಹೀರಿ ತೆಗೆಯದೆ ಮುಂದಕ್ಕೆ ಹರಿಯಬಿಟ್ಟರೆ ನಾಲ್ಕು ದಿನದಲ್ಲಿ ಇನ್ನೊಂದು ಬೀದಿಯಲ್ಲಿ ಉಕ್ಕುತ್ತದೆ.

ಕಟ್ಟುವುದು ಹೆಚ್ಚಾಗಿ ಜಿಡ್ಡು, ಒರೆಸುವ ತೇವದ ಬಟ್ಟೆ, ಮರದ ಬೇರು, ಕಟ್ಟಡ ಕೆಲಸದ ಸಿಮೆಂಟು ತೊಳೆದ ನೀರುಗಳಿಂದ. ಬಿಸಿಯಾಗಿ ಸುರಿದ ಎಣ್ಣೆ ಪೈಪಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ, ಬಟ್ಟೆ ಅದಕ್ಕೆ ನಾರಿನಂತೆ ಹಿಡಿದುಕೊಳ್ಳುತ್ತದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕಿದ ಇಂಥ ಒಂದು ಜಿಡ್ಡಿನ ಬಂಡೆ 250 ಮೀಟರ್ ಉದ್ದ, ಸುಮಾರು 130 ಟನ್ ತೂಕವಿತ್ತು.

ಮನುಷ್ಯರನ್ನು ಒಳಗಿಳಿಸಿ ಸ್ವಚ್ಛ ಮಾಡಿಸಿದರೆ ಬೇಗ ಆಗುವುದಿಲ್ಲವೇ?

ಇಳಿಸಬಾರದು. ಗಾಳಿಯಾಡದ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ, ಹತ್ತು ಲಕ್ಷದಲ್ಲಿ ಸುಮಾರು 100 ಪಾಲು ದಾಟಿದರೆ ಮೂಗು ಸ್ತಬ್ಧವಾಗಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಆ ಗಳಿಗೆಯೇ ಅತಿ ಅಪಾಯದ್ದು. ಕಡ್ಡಿ ಗೀರಿ ನೋಡುವುದು ಪರೀಕ್ಷೆಯಲ್ಲ, ಮೀಥೇನ್ ಇದ್ದರೆ ಸ್ಫೋಟವಾಗುತ್ತದೆ.

ಜೆಟ್ಟಿಂಗ್, ಹೀರುವ ಯಂತ್ರ, ಕ್ಯಾಮೆರಾ ಇವುಗಳಿಂದ ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಮೇಲಿನಿಂದಲೇ ಮಾಡಬಹುದು. ಪೈಪು ಕುಸಿದಂಥ ಅಪರೂಪದ ಸಂದರ್ಭದಲ್ಲಿ ತರಬೇತಿ ಪಡೆದವರು ಇಳಿಯಲೇಬೇಕಾದರೆ ಇಷ್ಟೂ ಇರಬೇಕು: ಎರಡೂ ಕಡೆಯ ಮುಚ್ಚಳ ತೆರೆದು ಯಂತ್ರದಿಂದ ಗಾಳಿ ಊದುವುದು, ನಾಲ್ಕು ಅನಿಲಗಳ ಮಾಪಕವನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯುವುದು, ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಇಳಿಯದಿರುವುದು, ಮುಕ್ಕಾಲಿ ಮತ್ತು ರಾಟೆಗೆ ಕಟ್ಟಿದ ಮೈಪಟ್ಟಿ, ಮೇಲೆ ಸದಾ ನೋಡುತ್ತಿರುವ ಒಬ್ಬರು. ಒಳಗಿದ್ದವರು ಕುಸಿದರೆ ಮೇಲಿನವರು ಎಂದೂ ಹಾರಬಾರದು, ರಾಟೆಯಿಂದಲೇ ಎಳೆಯಬೇಕು. ಇಂಥ ಗುಂಡಿಗಳಲ್ಲಿ ಪ್ರಾಣ ಬಿಟ್ಟವರಲ್ಲಿ ದೊಡ್ಡ ಪಾಲು ಮೊದಲನೆಯವರನ್ನು ಉಳಿಸಲು ಇಳಿದವರು.

ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿರುತ್ತದೆ?

ದುಂಡಗಿನ ಮುಚ್ಚಳವನ್ನು ಹೇಗೆ ಹಿಡಿದರೂ ತನ್ನ ಬಾಯೊಳಗೆ ಅದು ಬೀಳುವುದಿಲ್ಲ. ಚೌಕದ್ದು ಕರ್ಣದ ದಿಕ್ಕಿನಲ್ಲಿ ಬೀಳುತ್ತದೆ. ಭಾರದ ಮುಚ್ಚಳವನ್ನು ಉರುಳಿಸಿಕೊಂಡು ಹೋಗಬಹುದು ಎನ್ನುವುದು ಇನ್ನೊಂದು ಅನುಕೂಲ.

ಅರ್ಧ ಗಂಟೆ ಮಳೆಗೇ ರಸ್ತೆ ಹೊಳೆಯಾಗುವುದೇಕೆ?

ಒಂದು ಹೆಕ್ಟೇರ್ ಜಾಗ ತೆಗೆದುಕೊಳ್ಳಿ. ಗಂಟೆಗೆ 50 ಮಿಲಿಮೀಟರ್ ಬಿರುಸಿನ ಮಳೆ. ಅಲ್ಲಿ ಹುಲ್ಲು, ಮಣ್ಣು ಇದ್ದು ಶೇ 20ರಷ್ಟು ನೀರು ಮಾತ್ರ ಹರಿದು ಹೋಗುವುದಾದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದೇ ಜಾಗಕ್ಕೆ ಕಾಂಕ್ರೀಟು, ಡಾಂಬರು ಹಾಕಿ ಶೇ 90ರಷ್ಟು ಹರಿಯುವಂತಾದರೆ ಸೆಕೆಂಡಿಗೆ 125 ಲೀಟರ್. ಮಳೆ ಅಷ್ಟೇ, ಚರಂಡಿ ಅಷ್ಟೇ, ನೀರು ಮಾತ್ರ ನಾಲ್ಕೂವರೆ ಪಟ್ಟು. ಜೊತೆಗೆ ನುಣುಪು ನೆಲದ ಮೇಲೆ ಅದು ಬೇಗ ಓಡುವುದರಿಂದ ದೂರದ ನೀರೂ ಹತ್ತಿರದ ನೀರೂ ಒಂದೇ ಹೊತ್ತಿಗೆ ಚರಂಡಿಯ ಬಾಯಿಗೆ ಬರುತ್ತವೆ.

ನೀರು ನಿಂತ ಕಡೆ ಚರಂಡಿ ಅಗಲ ಮಾಡುವುದು ಸಾಮಾನ್ಯ ತಪ್ಪು. ಮೊದಲು ನೋಡಬೇಕಾದದ್ದು ಮೂರು. ರಸ್ತೆಬದಿಯ ಜಾಲರಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿದೆಯೇ, ಅಥವಾ ಮೇಲೆ ಮೇಲೆ ಹಾಕಿದ ಡಾಂಬರು ಜಾಲರಿಯ ಬಾಯನ್ನೇ ಮುಚ್ಚಿ ನೀರು ಒಳಗೆ ಹೋಗುತ್ತಿಲ್ಲವೇ. ಎರಡನೆಯದು, ಕೆಳಗಿನ ಮೋರಿ ಮೇಲಿನದಕ್ಕಿಂತ ಕಿರಿದಾಗಿದೆಯೇ, ಅಥವಾ ಅಡ್ಡಲಾಗಿ ಯಾವುದೋ ಪೈಪು ತೂರಿಸಿದ್ದಾರೆಯೇ. ಮೂರನೆಯದು ಎಲ್ಲರೂ ಮರೆಯುವಂಥದ್ದು: ಚರಂಡಿ ಸೇರುವ ನದಿಯೋ ಕೆರೆಯೋ ಆ ಹೊತ್ತಿಗೆ ತುಂಬಿ, ಅದರ ಮಟ್ಟ ಚರಂಡಿಯ ತುದಿಗಿಂತ ಮೇಲಿದ್ದರೆ ನೀರು ಹಿಂದಕ್ಕೆ ಬರುತ್ತದೆ. ಆಗ ಎಷ್ಟು ಅಗಲದ ಚರಂಡಿಯೂ ಉಪಯೋಗಕ್ಕಿಲ್ಲ. ಒಮ್ಮುಖ ಬಾಗಿಲು ಮತ್ತು ಪಂಪು, ಇಲ್ಲವೇ ನೀರು ಕಾದಿರಲು ಜಾಗ ಬೇಕು.

ಕಾದಿರಲು ಜಾಗ ಎನ್ನುವುದಕ್ಕೆ ಟೋಕಿಯೊ ಬಳಿಯ ಕಾಸುಕಾಬೆಯಲ್ಲಿ ನೆಲದಡಿಯ ದೊಡ್ಡ ಉದಾಹರಣೆಯಿದೆ. 2006ರಲ್ಲಿ ಪೂರ್ಣಗೊಂಡ ಈ ವ್ಯವಸ್ಥೆಯಲ್ಲಿ ಸಣ್ಣ ನದಿಗಳ ಪ್ರವಾಹ ಸುಮಾರು 70 ಮೀಟರ್ ಆಳದ ಐದು ಬಾವಿಗಳಿಗೆ ಇಳಿದು, 6.3 ಕಿಲೋಮೀಟರ್ ಸುರಂಗದಲ್ಲಿ ಹರಿದು, 59 ಕಂಬಗಳ ಮೇಲೆ ನಿಂತ 177 ಮೀಟರ್ ಉದ್ದದ ತೊಟ್ಟಿ ಸೇರುತ್ತದೆ. ಅಲ್ಲಿಂದ ಸೆಕೆಂಡಿಗೆ 200 ಘನ ಮೀಟರ್‌ವರೆಗೆ ದೊಡ್ಡ ನದಿಗೆ ಎತ್ತಬಲ್ಲ ಪಂಪುಗಳಿವೆ. ಇದೇ ಕೆಲಸವನ್ನು ಮುಚ್ಚದೆ ಉಳಿಸಿಕೊಂಡ ಕೆರೆ, ಆಟದ ಮೈದಾನ, ತಗ್ಗಿನ ಉದ್ಯಾನಗಳು ಎಷ್ಟೋ ಕಡಿಮೆ ಖರ್ಚಿನಲ್ಲಿ ಮಾಡುತ್ತವೆ.

"ನೂರು ವರ್ಷಕ್ಕೊಮ್ಮೆ ಬರುವ ಮಳೆ" ಎರಡು ವರ್ಷ ಸತತ ಬಂದರೆ ಲೆಕ್ಕ ತಪ್ಪೆಂದೇ?

ಅಲ್ಲ. ಆ ಮಾತಿನ ಅರ್ಥ ಪ್ರತಿ ವರ್ಷವೂ ಅಂಥ ಮಳೆ ಬರುವ ಸಂಭವ ಶೇ 1 ಎಂದು ಮಾತ್ರ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ 26. ಬೀದಿಯ ಚರಂಡಿಗಳನ್ನು ಸಾಮಾನ್ಯವಾಗಿ ಎರಡರಿಂದ ಹತ್ತು ವರ್ಷಕ್ಕೊಮ್ಮೆ ಬರುವ ಮಳೆಗಷ್ಟೇ ಕಟ್ಟುತ್ತಾರೆ. ಹಾಗಾಗಿ ಅದನ್ನು ಮೀರಿದ ನೀರು ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿರಬೇಕು. ನಿರ್ಧರಿಸದಿದ್ದರೆ ಅದು ಹೋಗುವುದು ನೆಲಮಾಳಿಗೆಗೆ.

ರಸ್ತೆಗುಂಡಿಗೆ ಯಾರು ಕಾರಣ, ಮಳೆಯೋ ಲಾರಿಯೋ?

ಎರಡೂ, ಈ ಕ್ರಮದಲ್ಲಿ: ಡಾಂಬರು ಬಿರುಕು ಬಿಡುತ್ತದೆ, ನೀರು ಒಳಗಿಳಿದು ಕೆಳಗಿನ ಜಲ್ಲಿ ಮತ್ತು ಮಣ್ಣನ್ನು ಮೆದು ಮಾಡುತ್ತದೆ, ಚಕ್ರ ಹಾದಾಗಲೆಲ್ಲ ಆ ನೀರು ಒತ್ತಡದಿಂದ ಸಣ್ಣ ಕಣಗಳನ್ನು ಹೊರಗೆ ಚಿಮ್ಮಿಸುತ್ತದೆ, ಆಧಾರ ತಪ್ಪಿದ ಡಾಂಬರು ಮುರಿದು ಬೀಳುತ್ತದೆ. ಭಾರದ ಪಾಲು ಎಷ್ಟೆಂದು ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ರಸ್ತೆಗಳನ್ನೇ ಕಟ್ಟಿ, ಲಾರಿ ಓಡಿಸಿ ಅಳೆದರು. ಹಾನಿ ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂದು ಗೊತ್ತಾಯಿತು. 1 ಟನ್ ಅಚ್ಚಿಗೆ ಹೋಲಿಸಿದರೆ 10 ಟನ್ ಅಚ್ಚು ಮಾಡುವ ಹಾನಿ ಹತ್ತು ಸಾವಿರ ಪಟ್ಟು. ಹೆಚ್ಚುವರಿ ಭಾರ ಹೇರಿದ ಒಂದು ಲಾರಿಯನ್ನು ತೂಕದ ಕಟ್ಟೆಯಲ್ಲೇ ತಡೆದರೆ ಉಳಿಯುವ ರಸ್ತೆ ಎಷ್ಟೆಂದು ಇದರಿಂದ ಊಹಿಸಬಹುದು.

ಗುಂಡಿ ಮುಚ್ಚುವ ಸರಿಯಾದ ವಿಧಾನ: ಸುತ್ತಲಿನ ಗಟ್ಟಿ ಡಾಂಬರು ಸಿಗುವವರೆಗೆ ಅಂಚನ್ನು ನೇರವಾಗಿ, ಚೌಕವಾಗಿ ಕತ್ತರಿಸಿ. ನೀರು, ಧೂಳು ತೆಗೆದು ಒಣಗಿಸಿ. ತಳಕ್ಕೂ ಪಕ್ಕದ ಗೋಡೆಗಳಿಗೂ ಡಾಂಬರಿನ ತೆಳು ಲೇಪ ಕೊಡಿ. ಬಿಸಿ ಮಿಶ್ರಣವನ್ನು 5ರಿಂದ 7 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಒತ್ತಿ. ಕೊನೆಗೆ ಅಂಚಿನ ಸಂದಿಗೆ ಡಾಂಬರು ಹೊಯ್ಯಿರಿ. ನೀರಿರುವ ಗುಂಡಿಗೆ ಜಲ್ಲಿ ಸುರಿದು ಹೋದರೆ ಮೊದಲ ಮಳೆಗೇ ಅದು ಎದ್ದುಬರುತ್ತದೆ. ಗುಂಡಿ ಬಿದ್ದದ್ದು ನೀರಿನ ಪೈಪಿನ ಸೋರಿಕೆಯಿಂದ ಎಂದಾದರೆ ಮಾತ್ರ ಮೊದಲು ಪೈಪು, ಆಮೇಲೆ ರಸ್ತೆ.

ಹೊಸ ರಸ್ತೆಯನ್ನೇ ಮತ್ತೆ ಮತ್ತೆ ಅಗೆಯುವುದೇಕೆ?

ನೆಲದಡಿ ಕೇಬಲ್, ನೀರು, ಅನಿಲ, ಕೊಳಚೆ, ದೂರವಾಣಿ ಎಲ್ಲಕ್ಕೂ ಒಡೆಯರು ಬೇರೆ, ಅವರವರ ಬಜೆಟ್ ಬೇರೆ. ಪ್ಯಾರಿಸ್ಸಿನ ದೊಡ್ಡ ಚರಂಡಿ ಸುರಂಗಗಳಲ್ಲಿ ನೀರಿನ ಪೈಪು, ಕೇಬಲ್‌ಗಳೂ ಗೋಡೆಗೆ ತೂಗಿಕೊಂಡಿರುವುದರಿಂದ ಅಗೆಯುವ ಪ್ರಸಂಗ ಕಡಿಮೆ. ಎಲ್ಲ ಕಡೆ ಅದು ಸಾಧ್ಯವಿಲ್ಲ, ಆದರೆ ರಸ್ತೆ ಮಾಡುವಾಗಲೇ ಅಡ್ಡಲಾಗಿ ಕೆಲವು ಖಾಲಿ ಪೈಪು ಹೂತಿಡುವುದು ಎಲ್ಲ ಕಡೆಯೂ ಸಾಧ್ಯ. ಅಗೆದ ಜಾಗ ಕುಸಿಯುವುದು ಒಂದೇ ಬಾರಿಗೆ ಮಣ್ಣು ತುಂಬಿ ಮೇಲೆ ಮಾತ್ರ ಒತ್ತುವುದರಿಂದ. 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ, ಹದವಾದ ತೇವದಲ್ಲಿ ಒತ್ತುತ್ತಾ ಬರಬೇಕು.

ರಸ್ತೆ ಅಗಲ ಮಾಡಿದರೂ ದಟ್ಟಣೆ ಇಳಿಯುವುದಿಲ್ಲವೇಕೆ?

ಒಂದು ಪಥದಲ್ಲಿ ಎಡೆಬಿಡದೆ ಹಸಿರು ದೀಪವಿದ್ದರೆ ಗಂಟೆಗೆ ಸುಮಾರು 1,800 ಕಾರು ದಾಟುತ್ತವೆ. 120 ಸೆಕೆಂಡಿನ ಸಿಗ್ನಲ್ ಸುತ್ತಿನಲ್ಲಿ ನಿಮಗೆ 40 ಸೆಕೆಂಡು ಹಸಿರು ಸಿಕ್ಕರೆ ಅದು 600ಕ್ಕೆ ಇಳಿಯುತ್ತದೆ. ಎರಡು ಕೂಡುರಸ್ತೆಗಳ ನಡುವಿನ ರಸ್ತೆಯನ್ನು ಎಷ್ಟು ಅಗಲಿಸಿದರೂ ಕೂಡುರಸ್ತೆ ಬಿಟ್ಟುಕೊಡುವಷ್ಟೇ ವಾಹನ ಹೋಗುವುದು. ಇನ್ನೊಂದು ಕಾರಣ ಜನರ ಸಹಜ ಲೆಕ್ಕಾಚಾರ. ದಾರಿ ಸಲೀಸಾದರೆ ಬೇರೆ ದಾರಿ, ಬೇರೆ ಹೊತ್ತು, ಬಸ್ಸು ಹಿಡಿಯುತ್ತಿದ್ದವರು ಇಲ್ಲಿಗೆ ಬರುತ್ತಾರೆ. ಹೂಸ್ಟನ್ನಿನ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಜಗತ್ತಿನ ಅತಿ ಅಗಲದ ರಸ್ತೆಗಳಲ್ಲಿ ಒಂದಾಗುವಷ್ಟು ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು.

ಸ್ಟಾಕ್‌ಹೋಮ್ ಉಲ್ಟಾ ಪ್ರಯೋಗ ಮಾಡಿತು. 2006ರ ಜನವರಿಯಿಂದ ಜುಲೈವರೆಗೆ ನಗರದೊಳಕ್ಕೆ ಬರುವ, ಹೋಗುವ ವಾಹನಗಳಿಗೆ ಶುಲ್ಕ ಹಾಕಿದಾಗ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದವು. ಆಗಸ್ಟಿನಲ್ಲಿ ಶುಲ್ಕ ತೆಗೆದೊಡನೆ ಹೆಚ್ಚುಕಡಿಮೆ ಎಲ್ಲವೂ ವಾಪಸ್ಸಾದವು. 2007ರಲ್ಲಿ ಶುಲ್ಕ ಕಾಯಂ ಆಯಿತು. ಅದೇ ಜನ, ಅದೇ ರಸ್ತೆ.

ಸಿಗ್ನಲ್‌ನಲ್ಲಿ ಪಾದಚಾರಿಗೆ ಎಷ್ಟು ಸಮಯ ಬೇಕು?

ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕ ಹಿಡಿದರೆ 14 ಮೀಟರ್ ರಸ್ತೆಗೆ 12 ಸೆಕೆಂಡು. ವಯಸ್ಸಾದವರು 0.8 ಮೀಟರಿನಂತೆ ನಡೆದರೆ 17ರಿಂದ 18 ಸೆಕೆಂಡು ಬೇಕು. ಆ ಐದಾರು ಸೆಕೆಂಡು ಕೊಡದಿದ್ದರೆ ಅವರು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಕೊಡಲಾಗದಿದ್ದರೆ ನಡುವೆ ನಿಲ್ಲಲು ಎತ್ತರದ ಕಟ್ಟೆ ಕೊಡಲೇಬೇಕು.

ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಮೂರು ಒಟ್ಟಿಗೆ. ಏಕೆ?

ಚಾಲಕರ ಸೋಮಾರಿತನ ಎಂದು ಬೈಯುವವರೇ ಹೆಚ್ಚು, ಅದು ನಿಜವಲ್ಲ. 10 ನಿಮಿಷಕ್ಕೊಂದು ಬಸ್ಸು ಎನ್ನಿ. ಒಂದು ಬಸ್ಸು ಎಲ್ಲೋ ಎರಡು ನಿಮಿಷ ತಡವಾಯಿತು. ಮುಂದಿನ ನಿಲ್ದಾಣದಲ್ಲಿ 12 ನಿಮಿಷದ ಜನ ಕೂಡಿರುತ್ತಾರೆ, ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು, ಇನ್ನಷ್ಟು ತಡ. ಹಿಂದಿನ ಬಸ್ಸಿಗೆ 8 ನಿಮಿಷದ ಜನ ಮಾತ್ರ, ಅದು ಬೇಗ ಹೊರಡುತ್ತದೆ. ಅಂತರ ಕಿರಿದಾಗುತ್ತಾ ಕೊನೆಗೆ ಒಂದರ ಬಾಲ ಇನ್ನೊಂದು ಹಿಡಿಯುತ್ತದೆ. ಸರಿಯಾಗಿ 10 ನಿಮಿಷಕ್ಕೊಂದು ಬಂದರೆ ಸರಾಸರಿ ಕಾಯುವುದು 5 ನಿಮಿಷ. ಅಷ್ಟೇ ಬಸ್ಸುಗಳು 20 ನಿಮಿಷಕ್ಕೊಮ್ಮೆ ಜೋಡಿಯಾಗಿ ಬಂದರೆ 10 ನಿಮಿಷ. ಒಂದು ಬಸ್ಸೂ ಕಡಿಮೆಯಾಗದೆ ಸೇವೆ ಅರ್ಧವಾಯಿತು.

ಪರಿಹಾರ ನಿಲ್ದಾಣದಲ್ಲಿ ತಗಲುವ ಸಮಯವನ್ನು ಕುಗ್ಗಿಸುವುದು: ಎಲ್ಲ ಬಾಗಿಲಿನಿಂದ ಹತ್ತುವುದು, ಮೊದಲೇ ಟಿಕೆಟ್, ನಿಲ್ದಾಣ ಮತ್ತು ಬಸ್ಸಿನ ನೆಲ ಒಂದೇ ಮಟ್ಟ. ಬ್ರೆಜಿಲ್‌ನ ಕುರಿಚಿಬಾ 1991ರಲ್ಲಿ ಗಾಜಿನ ಕೊಳವೆಯಂಥ ನಿಲ್ದಾಣ ಕಟ್ಟಿ ಈ ಮೂರನ್ನೂ ಒಟ್ಟಿಗೆ ಮಾಡಿತು. ಇನ್ನೊಂದು ಉಪಾಯ ಬೇಗ ಬಂದ ಬಸ್ಸನ್ನು ನಿಗದಿತ ನಿಲ್ದಾಣದಲ್ಲಿ ಒಂದೆರಡು ನಿಮಿಷ ತಡೆಯುವುದು. ಒಳಗೆ ಕುಳಿತವರಿಗೆ ಸಿಟ್ಟು ಬರುತ್ತದೆ, ಆದರೆ ಮುಂದಿನ ಎಲ್ಲ ನಿಲ್ದಾಣಗಳಲ್ಲಿ ಕಾಯುತ್ತಿರುವವರಿಗೆ ಅದು ಉಪಕಾರ.

ಎಲ್ಲೋ ಒಂದು ತಂತಿ ಕಡಿದರೆ ಇಡೀ ನಗರ ಕತ್ತಲಾಗುವುದು ಹೇಗೆ?

ವಿದ್ಯುತ್ ಜಾಲದಲ್ಲಿ ಉತ್ಪಾದನೆ, ಬಳಕೆ ಕ್ಷಣಕ್ಷಣವೂ ಸಮವಾಗಿರಬೇಕು. ಬಳಕೆ ಹೆಚ್ಚಾದರೆ ಜನರೇಟರುಗಳು ನಿಧಾನವಾಗುತ್ತವೆ, 50 ಹರ್ಟ್ಜ್ ಇರಬೇಕಾದ ಆವರ್ತನ ಇಳಿಯುತ್ತದೆ. 49ರ ಆಸುಪಾಸಿಗೆ ಬಂದರೆ ಕೆಲವು ಪ್ರದೇಶಗಳ ಪೂರೈಕೆ ತಾನಾಗಿಯೇ ಕಡಿತವಾಗುತ್ತದೆ. ಉಳಿದವರನ್ನು ಕಾಪಾಡಲು ಅದು ಬೇಕೇ ಬೇಕು. ತಂತಿಗಳ ಕಥೆ ಬೇರೆ: ಒಂದು ತಂತಿ ಬಿಟ್ಟರೆ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ, ಅವು ಕಾದು ಜೋತುಬಿದ್ದು ಮರ ಮುಟ್ಟುತ್ತವೆ, ಅವೂ ಬಿಡುತ್ತವೆ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಆದದ್ದು ಹೀಗೆ. ನಿಯಂತ್ರಣ ಕೊಠಡಿಯ ಎಚ್ಚರಿಕೆ ತಂತ್ರಾಂಶವೂ ಕೆಟ್ಟಿತ್ತು. ಸಂಜೆಯ ಹೊತ್ತಿಗೆ ನ್ಯೂಯಾರ್ಕ್, ಟೊರಾಂಟೊ ಸೇರಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಇರಲಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಪಂಪು ನಿಂತು ನೀರೂ ಹೋಯಿತು.

ಗಮನಿಸಬೇಕಾದದ್ದು ಈ ಕೊನೆಯ ಸಂಗತಿ. ವಿದ್ಯುತ್ ಹೋದರೆ ಮೊಬೈಲ್ ಗೋಪುರದ ಬ್ಯಾಟರಿ ಕೆಲವು ಗಂಟೆ, ನೀರಿನ ಟ್ಯಾಂಕು ಅರ್ಧ ದಿನ ಬರಬಹುದು. ಕೊಳಚೆ ಎತ್ತುವ ಪಂಪಿನ ಬಾವಿ ಅದಕ್ಕೂ ಮೊದಲೇ ಉಕ್ಕುತ್ತದೆ. ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ಎತ್ತುವ ಬಂಕಿನ ಪಂಪಿಗೂ ವಿದ್ಯುತ್ ಬೇಕು. ಆಸ್ಪತ್ರೆ, ಪಂಪ್‌ಹೌಸ್‌ಗಳಿಗೆ ಎರಡು ಉಪಕೇಂದ್ರಗಳಿಂದ ಎರಡು ಫೀಡರ್ (ವಿದ್ಯುತ್ ತರುವ ಕೇಬಲ್) ಕೊಡುತ್ತಾರೆ. ಆ ಎರಡೂ ಕೇಬಲ್ ಒಂದೇ ಕಾಲುವೆಯಲ್ಲಿ ಹೂತಿಲ್ಲ ಎಂದು ಯಾರಾದರೂ ಹೋಗಿ ನೋಡಿರಬೇಕು. ಒಂದೇ ಜೆಸಿಬಿ ಎರಡನ್ನೂ ಕತ್ತರಿಸಿದರೆ ಎರಡು ಫೀಡರ್ ಇದ್ದೂ ಇಲ್ಲದಂತೆ.

ಹಸಿ ಕಸ, ಒಣ ಕಸ ಬೇರೆ ಮಾಡುವುದರಿಂದ ನಿಜವಾಗಿ ಏನು ಲಾಭ?

ಒಣ ಕಸ ವಾರ ಕಾದರೂ ಕೆಡುವುದಿಲ್ಲ, ಹಸಿ ಕಸ ಒಂದು ದಿನಕ್ಕೇ ನಾರುತ್ತದೆ. ಬೆರೆಸಿದರೆ ಕಾಗದ, ಬಟ್ಟೆ ಒದ್ದೆಯಾಗಿ ಬೆಲೆ ಕಳೆದುಕೊಳ್ಳುತ್ತವೆ, ಗೊಬ್ಬರಕ್ಕೆ ಗಾಜು ಸೇರುತ್ತದೆ, ಸುಡುವುದಕ್ಕೂ ತೇವ ಹೆಚ್ಚು. ಹಾಗೆಯೇ ರಾಶಿ ಹಾಕಿದರೆ ಕೆಳಗಿನಿಂದ ಕಪ್ಪು ರಸ ಅಂತರ್ಜಲಕ್ಕಿಳಿಯುತ್ತದೆ, ಮೇಲಿನಿಂದ ಮೀಥೇನ್ ಏಳುತ್ತದೆ. ಗೊಬ್ಬರದ ರಾಶಿಗೆ ಇಂಗಾಲ, ಸಾರಜನಕ 25ರಿಂದ 30ಕ್ಕೆ 1ರ ಪ್ರಮಾಣದಲ್ಲಿರಬೇಕು, ಅಂದರೆ ಹಸಿಯ ಜೊತೆ ಧಾರಾಳ ಒಣ ಎಲೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ದಿನ ನಿಂತರೆ ರೋಗಾಣುಗಳು ಸಾಯುತ್ತವೆ. ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಹಾಕಿ.

ಬಡ ಬಡಾವಣೆಗಳೇ ನೀರಿಗೆ ಹೆಚ್ಚು ಹಣ ಕೊಡುತ್ತವೆ ಎನ್ನುವುದು ನಿಜವೇ?

ಹಲವು ನಗರಗಳಲ್ಲಿ ನಿಜ. ಪೈಪಿನ ಸಂಪರ್ಕಕ್ಕೆ ಜಾಗದ ದಾಖಲೆ ಕೇಳುತ್ತಾರೆ. ದಾಖಲೆಯಿಲ್ಲದವರು ಟ್ಯಾಂಕರ್ ನೀರನ್ನು ಬಿಂದಿಗೆ ಲೆಕ್ಕದಲ್ಲಿ ಕೊಳ್ಳುತ್ತಾರೆ, ಲೀಟರಿಗೆ ಬೀಳುವ ಬೆಲೆ ನಲ್ಲಿ ನೀರಿನ ಹಲವು ಪಟ್ಟು. ಕಾಯುವ ಸಮಯದ ಬೆಲೆ ಬೇರೆ, ಅದನ್ನು ತೆರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಜಾಗದ ಹಕ್ಕಿನ ಪ್ರಶ್ನೆ ಇತ್ಯರ್ಥವಾಗಲು ದಶಕ ಹಿಡಿದೀತು, ನೀರು ಅಷ್ಟು ಕಾಯಲಾರದು. ವಾಸವಿರುವುದಕ್ಕೆ ಪುರಾವೆ ಸಾಕು ಎಂದು ಎರಡನ್ನೂ ಬೇರ್ಪಡಿಸುವುದೇ ಸರಿ. ಸಾರಿಗೆಯಲ್ಲೂ ಇಂಥದೇ ಹೆಜ್ಜೆ ಇಟ್ಟದ್ದು ಕೊಲಂಬಿಯಾದ ಮೆಡೆಲಿನ್: ರಸ್ತೆ ಅಗಲಿಸಲು ಮನೆ ಕೆಡವುವ ಬದಲು, 2004ರಲ್ಲಿ ಬೆಟ್ಟದ ಬಡ ಬಡಾವಣೆಗಳನ್ನು ತೂಗುತೊಟ್ಟಿಲಿನ (ಕೇಬಲ್ ಕಾರ್) ಮಾರ್ಗದಿಂದ ಮೆಟ್ರೋಗೆ ಜೋಡಿಸಿತು.

ಕೊಳವೆಬಾವಿ ನೀರು ಎತ್ತಿದರೆ ನಗರಕ್ಕೇನು?

ಜೇಡಿಮಣ್ಣಿನ ನೆಲವಾದರೆ ನಗರವೇ ಕುಸಿಯುತ್ತದೆ. ಮೆಕ್ಸಿಕೊ ನಗರದ ಕೆಲವು ಭಾಗ ಕಳೆದ ಶತಮಾನದಲ್ಲಿ 9 ಮೀಟರಿಗೂ ಹೆಚ್ಚು ಇಳಿಯಿತು. 1900ರಲ್ಲಿ ಇಳಿಜಾರಿನಿಂದಲೇ ಹರಿಯುವಂತೆ ತೋಡಿದ ಅಲ್ಲಿನ ದೊಡ್ಡ ಕೊಳಚೆ ಕಾಲುವೆ ನೆಲ ಕುಸಿದಂತೆ ಇಳಿಜಾರು ಕಳೆದುಕೊಂಡಿತು, ಈಗ ಪಂಪು ಬೇಕು. ಕುಡಿಯುವ ನೀರು ಎತ್ತಿದ್ದಕ್ಕೆ ಚರಂಡಿ ಹಾಳಾದದ್ದು. ಟೋಕಿಯೊದ ಪೂರ್ವ ಭಾಗ ಕೆಲವೆಡೆ 4 ಮೀಟರ್ ಕುಸಿದ ಮೇಲೆ ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಹಾಕಿದರು, ಕುಸಿತ ಹೆಚ್ಚುಕಡಿಮೆ ನಿಂತಿತು. ಇಳಿದ ನೆಲ ಮಾತ್ರ ಮೇಲೇಳಲಿಲ್ಲ.

ದೂರು ಕೊಡುವಾಗ ಏನೇನು ಬರೆದರೆ ಕೆಲಸ ಬೇಗ ಆಗುತ್ತದೆ?

"ನಮ್ಮ ಬೀದಿಯಲ್ಲಿ ನೀರು ನಿಲ್ಲುತ್ತದೆ" ಎಂದರೆ ಸಾಲದು. ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆಯಿರಿ, ಅದು ವಿಳಾಸಕ್ಕಿಂತ ನಿಖರ. ಯಾವಾಗ ಶುರುವಾಯಿತು, ದಿನದ ಯಾವ ಹೊತ್ತಿನಲ್ಲಿ, ಮಳೆ ಬಂದಾಗ ಮಾತ್ರವೋ ಯಾವಾಗಲೂ ಹೀಗೆಯೋ ಎಂದು ತಿಳಿಸಿ. ನೀರು ಸ್ವಚ್ಛವಾಗಿದೆಯೇ, ವಾಸನೆಯಿದೆಯೇ ಎನ್ನುವ ಒಂದೇ ಮಾತಿನಿಂದ ದೂರು ನೀರು ಸರಬರಾಜಿನವರಿಗೋ ಒಳಚರಂಡಿಯವರಿಗೋ ಎಂಬುದು ತೀರ್ಮಾನವಾಗುತ್ತದೆ. ಚಿತ್ರ ಎರಡು ಇರಲಿ: ಒಂದು ಹತ್ತಿರದಿಂದ, ಇನ್ನೊಂದು ಜಾಗ ಗುರುತಾಗುವಷ್ಟು ದೂರದಿಂದ. ಮ್ಯಾನ್‌ಹೋಲ್ ನೀವು ತೆರೆಯಬೇಡಿ. ಆದರೆ ನಿಮ್ಮ ಬೀದಿಗಿಂತ ತಗ್ಗಿನಲ್ಲಿರುವ ಬೀದಿಗೆ ಹೋಗಿ ಅಲ್ಲೂ ಉಕ್ಕುತ್ತಿದೆಯೇ ಎಂದು ನೋಡಿ, ಅದನ್ನೂ ಸೇರಿಸಿ. ಬಂದ ತಂಡ ಯಾವ ತುದಿಯಿಂದ ಕೆಲಸ ಶುರು ಮಾಡಬೇಕೆಂಬುದು ಆ ಒಂದು ಸಾಲಿನಿಂದ ಗೊತ್ತಾಗುತ್ತದೆ.